ಹಳೆಯ ಪೋಕೆಮಾನ್ ಕ್ಯಾಸೆಟ್: ಎಸೆಯುವ ಮುನ್ನ ಆವೃತ್ತಿ ನೋಡಿ

ಮಾನ್ಯ ಸಂಪಾದಕರೇ,

ಜಪಾನಿನಲ್ಲಿ 1996ರ ಫೆಬ್ರುವರಿ 27ರಂದು ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರಕ್ಕೆ ಪೋಕೆಮಾನ್ ಆಟದ ರೆಡ್ ಮತ್ತು ಗ್ರೀನ್ ಆವೃತ್ತಿಗಳು ಬಂದವು. ಆ ಸಾಲಿನ ಮೊದಲ ಕ್ಯಾಸೆಟ್‌ಗಳೊಳಗೆ 3 ವೋಲ್ಟ್‌ನ ಬಿಲ್ಲೆ ಬ್ಯಾಟರಿ ಇರುತ್ತದೆ. ಈಗ ಅವು ಒಂದೊಂದಾಗಿ ಸಾಯುತ್ತಿವೆ. ‘ಸೇವ್ ಆಗುತ್ತಿಲ್ಲ, ಕೆಟ್ಟುಹೋಗಿದೆ’ ಎಂದು ಒಳ್ಳೆಯ ಕ್ಯಾಸೆಟ್‌ಗಳನ್ನು ಮೂಲೆಗೆ ಹಾಕುವವರನ್ನು ಕಂಡಾಗ ಸಂಕಟವಾಗುತ್ತದೆ. ಬ್ಯಾಟರಿಯ ಕೆಲಸ ಎಲ್ಲ ಆವೃತ್ತಿಗಳಲ್ಲೂ ಒಂದೇ ಅಲ್ಲ ಎಂಬುದನ್ನು ತಿಳಿದರೆ ಅರ್ಧ ನಷ್ಟ ತಪ್ಪುತ್ತದೆ.

ರೆಡ್, ಬ್ಲೂ, ಯೆಲ್ಲೋಗಳಲ್ಲಿ ಆಟದ ದಾಖಲೆ (ಸೇವ್) ಬ್ಯಾಟರಿಯ ವಿದ್ಯುತ್ತಿನಿಂದಲೇ ಉಳಿಯುವ 32 ಕಿಲೋಬೈಟ್‌ನ ರ‍್ಯಾಮ್ ಚಿಪ್ಪಿನಲ್ಲಿ ಇರುತ್ತದೆ. ಬ್ಯಾಟರಿ ಹೋದರೆ ದಾಖಲೆಯೂ ಹೋಯಿತು. ಮೆನುವಿನಲ್ಲಿ ‘ಕಂಟಿನ್ಯೂ’ ಕಾಣುವುದಿಲ್ಲ. ಗೋಲ್ಡ್, ಸಿಲ್ವರ್, ಕ್ರಿಸ್ಟಲ್‌ಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ಓಡಿಸಬೇಕು. ಹೀಗಾಗಿ ಇವು ರೆಡ್‌ಗಿಂತ ಹೊಸವಾದರೂ ಮೊದಲೇ ಬರಿದಾಗುತ್ತವೆ. ಮುಂದಿನ ಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್‌ನ ರೂಬಿ, ಸಫೈರ್, ಎಮರಾಲ್ಡ್‌ಗಳ ಕಥೆಯೇ ಬೇರೆ. ಅಲ್ಲಿ ದಾಖಲೆ ವಿದ್ಯುತ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲಿದೆ, ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಬ್ಯಾಟರಿ ಬರಿದಾಗಿದೆ ಎಂದು ಶುರುವಿನಲ್ಲೇ ತೆರೆಯ ಮೇಲೆ ಬಂದರೂ ಹೆದರಬೇಕಿಲ್ಲ: ಸೇವ್ ಹಾಗೇ ಇರುತ್ತದೆ. ಆಟದೊಳಗಿನ ಬೆರ‍್ರಿ ಗಿಡ ಬೆಳೆಯುವುದಿಲ್ಲ, ಶೋಲ್ ಗುಹೆಯ ಭರತ–ಇಳಿತ ಬದಲಾಗುವುದಿಲ್ಲ, ಅಷ್ಟೇ.

ಇಲ್ಲೊಂದು ಗೊಂದಲವಿದೆ. ರೂಬಿ ಮತ್ತು ಸಫೈರ್‌ನ ಆರಂಭದ ಪ್ರತಿಗಳಲ್ಲಿ, ಆಡಲು ತೊಡಗಿ ಸುಮಾರು ಒಂದು ವರ್ಷವಾದ ಮೇಲೆ ಪ್ರೋಗ್ರಾಮಿನ ದೋಷದಿಂದಲೇ ಬೆರ‍್ರಿಗಳು ನಿಂತುಹೋಗುತ್ತವೆ. ಬರಿದಾದ ಬ್ಯಾಟರಿಯ ಸಂದೇಶ ಬಾರದೆ ಬೆರ‍್ರಿ ಮಾತ್ರ ನಿಂತಿದ್ದರೆ ಕ್ಯಾಸೆಟ್ ಬಿಚ್ಚಬೇಡಿ. ಫೈರ್‌ರೆಡ್, ಲೀಫ್‌ಗ್ರೀನ್ ಅಥವಾ ಎಮರಾಲ್ಡ್ ಇರುವ ಇನ್ನೊಂದು ಗೇಮ್ ಬಾಯ್ ಅಡ್ವಾನ್ಸ್‌ಗೆ ಲಿಂಕ್ ಕೇಬಲ್ ಹಾಕಿ ತಿದ್ದುಪಡಿ ಪಡೆಯಬಹುದು.

ಬ್ಯಾಟರಿ ಬದಲಿಸಲೇಬೇಕಾದರೆ ಮೊದಲು ದಾಖಲೆ ಉಳಿಸಿಕೊಳ್ಳಿ. ಬೆಸುಗೆ ಬಿಡಿಸಿದ ಕ್ಷಣವೇ ರ‍್ಯಾಮ್ ಖಾಲಿಯಾಗುತ್ತದೆ. ಕ್ಯಾಸೆಟ್ ರೀಡರ್‌ನಿಂದ ಕಂಪ್ಯೂಟರಿಗೆ ನಕಲು ತೆಗೆಯುವುದು ಅತ್ಯುತ್ತಮ. ಅದಿಲ್ಲದಿದ್ದರೆ ಲಿಂಕ್ ಕೇಬಲ್‌ನಲ್ಲಿ ಆಟದಲ್ಲಿ ಹಿಡಿದ ಜೀವಿಗಳಾದ ಪೋಕೆಮಾನ್‌ಗಳನ್ನು ಇನ್ನೊಂದು ಕ್ಯಾಸೆಟ್ಟಿಗೆ ದಾಟಿಸಿ. ಆದರೆ ಕಡಾಬ್ರಾ, ಮಚೋಕ್, ಗ್ರಾವೆಲರ್, ಹಾಂಟರ್ ಎಂಬವು ದಾಟಿದೊಡನೆ ರೂಪ ಬದಲಿಸುತ್ತವೆ, ಮತ್ತೆ ಹಳೆಯ ರೂಪಕ್ಕೆ ಬರುವುದಿಲ್ಲ. ಗೋಲ್ಡ್‌ನಿಂದ ರೆಡ್‌ಗೆ ಆಟದಲ್ಲೇ ಇರುವ ಟೈಮ್ ಕ್ಯಾಪ್ಸೂಲ್ ಸೌಲಭ್ಯದ ಮೂಲಕ ಕಳಿಸಬಹುದಾದರೂ ಅದು ಮೊದಲ 151 ಪೋಕೆಮಾನ್‌ಗಳಲ್ಲಿ ಒಂದಾಗಿರಬೇಕು, ಹೊಸ ಪಟ್ಟುಗಳನ್ನು ಕಲಿತಿರಬಾರದು. ಜಪಾನಿ ರೆಡ್ ಅಥವಾ ಗ್ರೀನ್ ಅನ್ನು ಇಂಗ್ಲಿಷ್ ರೆಡ್ ಜೊತೆ ಎಂದೂ ಜೋಡಿಸಬೇಡಿ. ಎರಡರ ದಾಖಲೆಯೂ ಹಾಳಾಗಬಹುದು.

ಗೇಮ್ ಬಾಯ್ ಕ್ಯಾಸೆಟ್‌ನ ಸ್ಕ್ರೂಗೆ 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂ ಡ್ರೈವರ್ ಬೇಕು, ಅಡ್ವಾನ್ಸ್‌ನದಕ್ಕೆ ಮೂರು ರೆಕ್ಕೆಯ ಸ್ಕ್ರೂ ಡ್ರೈವರ್. ಬ್ಯಾಟರಿಯ ಸಂಖ್ಯೆ ಗೋಲ್ಡ್ ಸಾಲಿಗೆ ಸಿಆರ್2025, ರೂಬಿ ಸಾಲಿಗೆ ಸಿಆರ್1616. ಉಳಿದವಕ್ಕೆ ಹಳೆಯ ಬಿಲ್ಲೆಯ ಮೇಲಿನ ಸಂಖ್ಯೆ ನೋಡಿಯೇ ತನ್ನಿ. ತಗಡಿನ ಕಾಲುಗಳು ಮೊದಲೇ ಅಂಟಿರುವ ಬ್ಯಾಟರಿಯನ್ನೇ ಕೇಳಿ. ಬರಿಯ ಬಿಲ್ಲೆಗೆ ನೇರವಾಗಿ ಬೆಸುಗೆ ಹಾಕಿದರೆ ಕಾವಿಗೆ ಅದು ಉಬ್ಬಿ ಸಿಡಿಯಬಹುದು. ಪ್ಲಸ್, ಮೈನಸ್ ಗುರುತು ಬೋರ್ಡಿನ ಮೇಲೇ ಇದೆ, ತಿರುಗುಮುರುಗಾಗದಿರಲಿ.

ಬೆಸುಗೆಯ ಬದಲು ಟೇಪ್ ಸುತ್ತಿ ಕೊಡುವವರನ್ನು ದಯವಿಟ್ಟು ನಂಬಬೇಡಿ. ಆಡುವಾಗ ಚಿಪ್ಪಿಗೆ ವಿದ್ಯುತ್ ಗೇಮ್ ಬಾಯ್‌ನಿಂದಲೇ ಬರುವುದರಿಂದ ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಫ್ ಮಾಡಿದ ಮೇಲೆ ಟೇಪ್ ಒಮ್ಮೆ ಸಡಿಲಿದರೂ ತಿಂಗಳುಗಟ್ಟಲೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಸೇವ್ ಮಾಡಿ, ಕ್ಯಾಸೆಟ್ ಹೊರತೆಗೆದು, ಒಂದು ರಾತ್ರಿ ಬಿಟ್ಟು ನೋಡುವುದೇ ಸರಿಯಾದ ಪರೀಕ್ಷೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಫೈರ್‌ರೆಡ್, ಲೀಫ್‌ಗ್ರೀನ್‌ಗಳಲ್ಲಿ ಗಡಿಯಾರವೇ ಇಲ್ಲ, ಹಾಗಾಗಿ ಅಸಲಿ ಕ್ಯಾಸೆಟ್‌ನಲ್ಲಿ ಬ್ಯಾಟರಿಯೂ ಇಲ್ಲ. ಬಿಚ್ಚಿದಾಗ ಒಳಗೆ ಬಿಲ್ಲೆ ಕಂಡರೆ ಅದು ನಕಲಿ, ಹಣ ಕೊಡಬೇಡಿ.

ಇಂತಿ,
ಹಳೆಯ ವಿಡಿಯೋ ಗೇಮ್ ದುರಸ್ತಿಯಲ್ಲಿ ಆಸಕ್ತಿಯುಳ್ಳ ಓದುಗ,
ಬೆಂಗಳೂರು