ಜಿಐ ಬೇಳೆಯ ಲೆಕ್ಕ ಹೊಲದಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇಂಥ ಸೀಮೆಯದೇ ಎಂಬ ಭೌಗೋಳಿಕ ಗುರುತು, ಸಿಕ್ಕಿದ್ದು 2019ರಲ್ಲಿ. ಆದರೆ ಗಂಜಿನಲ್ಲಿ (ಕಾಳಿನ ಸಗಟು ಮಾರುಕಟ್ಟೆಯಲ್ಲಿ) ಚೀಲ ಸುರಿದ ಮೇಲೆ ಅದು ಸೇಡಂ ಸೀಮೆಯ ತೊಗರಿಯೋ, ಸೊಲ್ಲಾಪುರದ್ದೋ, ಮೊಜಾಂಬಿಕ್‌ನಿಂದ ಹಡಗು ಹತ್ತಿ ಬಂದದ್ದೋ ಕೇಳುವವರಿಲ್ಲ. ಈ ವಿಷಯದಲ್ಲಿ ಫ್ರಾನ್ಸಿನ ಕೆಲವು ಸಣ್ಣ ಹಳ್ಳಿಗಳಿಂದ ಕಲಿಯುವುದಿದೆ. ಕಲಿಯಬಾರದ್ದೂ ಒಂದಿದೆ.

ಅಲ್ಲಿನ ಓತ್ ಲ್ವಾರ್ ಜಿಲ್ಲೆಯ ಲ ಪ್ವಿ ಪಟ್ಟಣದ ಸುತ್ತ ಜ್ವಾಲಾಮುಖಿ ಮಣ್ಣಿನ ಎತ್ತರದ ಹೊಲಗಳಿವೆ, ಸಮುದ್ರಮಟ್ಟದಿಂದ 600ರಿಂದ 1,200 ಮೀಟರ್. ಅಲ್ಲಿ ಬೆಳೆಯುವ ಹಸಿರು ಮಸೂರಕ್ಕೆ 1996ರಲ್ಲಿ ಮೂಲಸ್ಥಾನದ ಮಾನ್ಯತೆ ದೊರೆಯಿತು. ಆ ಹೆಸರಿನ ಹಕ್ಕಿರುವುದು 87 ಕಮ್ಯೂನ್‌ಗಳಿಗೆ ಮಾತ್ರ. ಕಮ್ಯೂನ್ ಎಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ. ತಳಿ ಒಂದೇ, ಅನಿಸಿಯಾ. ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತನೆ. ನೀರು ಹಾಯಿಸುವಂತಿಲ್ಲ, ಸಾರಜನಕ ಗೊಬ್ಬರ ಹಾಕುವಂತಿಲ್ಲ. ಬೆಟ್ಟ ದಾಟಿ ಇಳಿಯುವ ಬಿಸಿ ಒಣಗಾಳಿಗೆ ಕಾಳು ಪೂರ್ತಿ ಬಲಿಯುವ ಮೊದಲೇ ಒಣಗುತ್ತದೆ. ಸಿಪ್ಪೆ ತೆಳುವಾಗಿ ಉಳಿಯುವುದು ಅದಕ್ಕೇ. ರಾಶಿಯಾದ ಕಾಳನ್ನು ಬೇರೆಯದರ ಜೊತೆ ಕೂಡಿಸುವಂತಿಲ್ಲ, ಯಾವ ಕಾಳು ಯಾವ ರೈತನದೆಂದು ತಪಾಸಣೆಯವರಿಗೆ ತೋರಿಸಬೇಕು.

ಅವರಿಗೊಂದು ಅನುಕೂಲವಿದೆ. ಆ ಮಸೂರ ಸಿಪ್ಪೆ ಸಮೇತ ಮಾರಾಟವಾಗುತ್ತದೆ, ಹಸಿರು ಮೈಮೇಲಿನ ನೀಲಿ ಮಚ್ಚೆ ಕೊಳ್ಳುವವರ ಕಣ್ಣಿಗೇ ಬೀಳುತ್ತದೆ. ನಮ್ಮ ತೊಗರಿಯ ಗುರುತು ಸಿಪ್ಪೆಯ ಜೊತೆಗೇ ದಾಲ್‌ಮಿಲ್ಲಿನ ಸಿಪ್ಪೆ ಉಜ್ಜುವ ಎಮೆರಿ ರೋಲರಿನಲ್ಲಿ ಹೋಗಿಬಿಡುತ್ತದೆ. ಒಡೆದ ಹಳದಿ ಬೇಳೆ ನೋಡಿ ಊರು ಹೇಳುವುದು ಪಳಗಿದ ಅಡತಿಯವರಿಗೂ ಕಷ್ಟ. ಹಾಗಾಗಿ ನಮ್ಮ ಕಾಗದದ ಲೆಕ್ಕ ಅವರದಕ್ಕಿಂತ ಬಿಗಿಯಾಗಿರಬೇಕು.

ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರುವಾರು ತೊಗರಿ ದಾಖಲಾಗುತ್ತದೆ, ಬೆಂಬಲ ಬೆಲೆ ಖರೀದಿಗೆ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕೇ ಬೇಕು. ಸರ್ವೆ ನಂಬರ್, ಐಡಿ ಎರಡೂ ಇರುವ ಚೀಟಿಯನ್ನು ಚೀಲದ ಬಾಯಿಗೆ ಸೇರಿಸಿ ಹೊಲಿದರೆ ಸಾಕು. ತೇವ ಶೇ 12ಕ್ಕಿಂತ ಕೆಳಗಿಳಿಯುವ ತನಕ ಒಣಗಿಸಿ, ಊರಲ್ಲೇ ಹೊಲಿಯಬೇಕು. ಗಂಜಿಗೆ ಹೋಗಿ ಹೊಲಿಯುತ್ತೇವೆಂದರೆ ಅಷ್ಟರಲ್ಲಿ ನಾಲ್ಕು ಊರಿನ ಕಾಳು ಕೂಡಿರುತ್ತದೆ.

ಮಿಲ್ಲಿನಲ್ಲೂ ಹಾಗೆಯೇ. ಜಿಐ ಲಾಟ್ ಹಾಕುವ ಮೊದಲು ಎಲಿವೇಟರ್, ಜರಡಿ, ಕಾಳಿನ ಟ್ಯಾಂಕು ಎಲ್ಲ ಖಾಲಿಯಾಗಬೇಕು. ಮೊದಲು ಹೊರಬೀಳುವ ಬೇಳೆಯಲ್ಲಿ ಹಿಂದಿನ ಲಾಟಿನದು ಬೆರೆತಿರುತ್ತದೆ, ಅದನ್ನು ಟ್ಯಾಗಿಗೆ ಸೇರಿಸಬಾರದು. ಸಿಪ್ಪೆ ಸಡಿಲಾಗಲೆಂದು ಎಣ್ಣೆ ಸವರಿದ ತೊಗರಿಯನ್ನು ಬಿಸಿಲಿಗೆ ಹರಡಿದಾಗ ಪಕ್ಕದ ರಾಶಿ ಬಂದು ಸೇರುವುದೂ ಉಂಟು. ಇನ್ನು ಲೆಕ್ಕದ ಮಾತು: ಒಂದು ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೊ ಬೇಳೆ ಬರುತ್ತದೆ. ಚೀಟಿಯಿದ್ದ 100 ಕ್ವಿಂಟಲ್ ತೊಗರಿ ಒಳಗೆ ಹೋಗಿ 90 ಕ್ವಿಂಟಲ್ ಜಿಐ ಬೇಳೆ ಹೊರಬಂದರೆ ಮೇಲಿನ 15 ಕ್ವಿಂಟಲ್ ಎಲ್ಲಿಯದು? ತಿಂಗಳಿಗೊಮ್ಮೆ ಒಳಬಂದ ತೊಗರಿಯ, ಹೊರಹೋದ ಬೇಳೆಯ ಎರಡು ರಿಜಿಸ್ಟರ್ ಪಕ್ಕಪಕ್ಕ ಇಟ್ಟರೆ ಕಲಬೆರಕೆ ಅಲ್ಲೇ ಸಿಗುತ್ತದೆ, ಲ್ಯಾಬಿನ ಖರ್ಚಿಲ್ಲ.

ಕಲಿಯಬಾರದ್ದು ಒಂದೇ ತಳಿಯ ನಿಯಮ. ಗಿಡ ಸೊರಗಿ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಒಂದೇ ತಳಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಟಿಎಸ್-3ಆರ್, ಜಿಆರ್‌ಜಿ-811 ತೊಗರಿ ತಳಿಗಳು ಎರಡೂ ಇರಲಿ, ಮುಂದೆ ಬರುವ ತಳಿಗಳಿಗೂ ಬಾಗಿಲು ತೆರೆದಿರಲಿ. ನಿಯಮ ಬೇಕೇ ಬೇಕೆಂದರೆ, ತೊಗರಿ ಮೇಲೆ ತೊಗರಿ ಬಿತ್ತಿದ ಹೊಲಕ್ಕೆ ಟ್ಯಾಗ್ ಇಲ್ಲವೆನ್ನಿ. ಜೋಳದ ಜೊತೆ ಬೆಳೆ ಬದಲಿಸಿದರೆ ನೆಟೆಯೂ ತಗ್ಗುತ್ತದೆ.

ಟ್ಯಾಗ್ ಬಳಸುವ ರೈತರು, ಮಿಲ್ಲಿನವರು 1999ರ ಜಿಐ ಕಾಯ್ದೆಯಂತೆ ಸರ್ಕಾರದ ಜಿಐ ರಿಜಿಸ್ಟರಿನ ‘ಬಿ’ ಭಾಗದಲ್ಲಿ ಅಧಿಕೃತ ಬಳಕೆದಾರರೆಂದು ಹೆಸರು ಬರೆಸಬೇಕು. ಡಿಸೆಂಬರಿನ ರಾಶಿಗೆ ಮೊದಲೇ ರೈತ ಸಂಪರ್ಕ ಕೇಂದ್ರಗಳಲ್ಲಿ ಆ ಅರ್ಜಿ ತೆಗೆದುಕೊಳ್ಳುವ ವ್ಯವಸ್ಥೆಯಾಗಲಿ.

– ತೊಗರಿ ಬೆಳೆಗಾರರು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ