ಪೈಪಿನ ಬಾಯಿ ಹುಡುಕುವ ಮೊದಲು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಗರದ ನದಿ, ಕಾಲುವೆಗಳ ನೀರಿನಲ್ಲಿ ಫ್ಲೇಮ್ ರಿಟಾರ್ಡೆಂಟ್ (ಬೆಂಕಿ ಬೇಗ ಹತ್ತದ ಹಾಗೆ ತಡೆಯುವ ರಾಸಾಯನಿಕ) ಮತ್ತು ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆತ್ತಗೆ ಮಾಡುವ ರಾಸಾಯನಿಕ) ಅಳೆಯುವ ಕೆಲಸಕ್ಕೆ ಸೇರಿದ್ದೀಯ ಅಂತ ಓದಿ ಖುಷಿಯಾಯಿತು. ಆದರೆ "ಯಾವ ಕಾರ್ಖಾನೆ ಬಿಡುತ್ತಿದೆ ಅಂತ ಕಂಡುಹಿಡಿಯುತ್ತೇನೆ" ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ಸ್ವಲ್ಪ ತಡೆದೆ. ಕಾರ್ಖಾನೆಯೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಈ ಸರಕು ನೀರಿಗೆ ಬರುವ ದಾರಿಯೇ ಬೇರೆ. ಅದು ಗೊತ್ತಿಲ್ಲದೆ ಪೈಪಿನ ಬಾಯಿ ಹುಡುಕಿಕೊಂಡು ಹೋದರೆ ನಿನಗೆ ಅಂಕೆಗಳು ಸಿಗುತ್ತವೆ, ಅವುಗಳ ಅರ್ಥ ಸಿಗುವುದಿಲ್ಲ.

ಸೋಫಾದ ಫೋಮ್, ಕಾರಿನ ಸೀಟು, ಟಿವಿಯ ಹಿಂಬದಿ, ಗೋಡೆಯ ಇನ್ಸುಲೇಷನ್ ಹಾಳೆ, ಇವಕ್ಕೆಲ್ಲ ಬೇಗ ಬೆಂಕಿ ಹತ್ತಬಾರದು ಅಂತ ರಾಸಾಯನಿಕ ಸೇರಿಸುತ್ತಾರೆ. ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಥ್ಯಾಲೇಟ್ ಎಂಬ ಪ್ಲಾಸ್ಟಿಸೈಜರ್ ಸೇರಿಸುತ್ತಾರೆ. ಬಗ್ಗುವ ಪಿವಿಸಿಯ ತೂಕದಲ್ಲಿ ಶೇ. 30ರಿಂದ 40ರಷ್ಟು ಇದೇ ಇರುವುದು ಮಾಮೂಲು. ಟ್ರೈಫೀನೈಲ್ ಫಾಸ್ಫೇಟ್ ಥರದವು ಎರಡೂ ಕೆಲಸ ಮಾಡುತ್ತವೆ. ಇವುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಸ್ಪಂಜಿನಲ್ಲಿ ನೀರು ಕೂತ ಹಾಗೆ ಸುಮ್ನೆ ಕೂತಿರುತ್ತವೆ. ಹಾಗಾಗಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತವೆ. ಮೊದಲು ಮನೆಯ ಗಾಳಿಗೆ, ಗಾಳಿಯಿಂದ ದೂಳಿಗೆ, ದೂಳಿನಿಂದ ಬಟ್ಟೆಗೆ. ಆ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿ ಪಕ್ಕದ ಮನೆಗಳಲ್ಲಿ ದೂಳು ಮತ್ತು ಬಟ್ಟೆ ಒಗೆದ ನೀರನ್ನು ಹಿಡಿದು ನೋಡಿದರು. ಅಲ್ಲಿನ ಶುದ್ಧೀಕರಣ ಘಟಕದ ನೀರನ್ನೂ ಅಳೆದರು. 2014ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ, ಘಟಕಕ್ಕೆ ಬರುವ ಫ್ಲೇಮ್ ರಿಟಾರ್ಡೆಂಟ್‌ಗಳಿಗೆ ಬಟ್ಟೆ ಒಗೆದ ನೀರೇ ಮುಖ್ಯ ಮೂಲವಾಗಿರಬಹುದು. ಯಾರೂ ಕದ್ದುಮುಚ್ಚಿ ಏನನ್ನೂ ಸುರಿದಿರಲಿಲ್ಲ. ಜನ ಬಟ್ಟೆ ಒಗೆದಿದ್ದರು, ಅಷ್ಟೇ.

ಶುದ್ಧೀಕರಣ ಘಟಕ ಇದೆಯಲ್ಲ ಅನ್ನಬೇಡ. ಅಲ್ಲಿನ ಬ್ಯಾಕ್ಟೀರಿಯಾ ಕೆಲವನ್ನು ತಿನ್ನುತ್ತವೆ, ಕೆಲವನ್ನು ಮುಟ್ಟುವುದಿಲ್ಲ. ನೆಲದ ಪಾಲಿಶ್‌ನಲ್ಲಿ ಬರುವ ಟಿಬಿಇಪಿ ಸಾಕಷ್ಟು ಒಡೆದು ಹೋಗುತ್ತದೆ. ಕ್ಲೋರಿನ್ ಇರುವ ಟಿಸಿಇಪಿ, ಟಿಸಿಪಿಪಿ ಎಂಬ ಫ್ಲೇಮ್ ರಿಟಾರ್ಡೆಂಟ್‌ಗಳು ಹೆಚ್ಚುಕಡಿಮೆ ಬಂದ ಹಾಗೇ ದಾಟುತ್ತವೆ. ಡಿಇಎಚ್‌ಪಿ ಎಂಬ ಥ್ಯಾಲೇಟ್‌ಗೆ ನೀರು ಅಂದರೆ ಆಗದು, ಹೆಚ್ಚಿನದು ಕೆಸರಿಗೆ ಅಂಟಿ ಕೂರುತ್ತದೆ. ಆದ್ದರಿಂದ ನೀರು ಮಾತ್ರ ತಂದು "ಡಿಇಎಚ್‌ಪಿ ಕಡಿಮೆ ಇದೆ" ಅಂತ ಬರೆಯಬೇಡ. ತಳದ ಕೆಸರನ್ನೂ ತೆಗೆ.

ಈಗ ಬಾಟಲಿಯ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಹುಡುಕುವುದು ಲೀಟರಿಗೆ ನ್ಯಾನೋಗ್ರಾಂ, ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಅದೇ ವಸ್ತು ನಿನ್ನ ಕೈಗವಸಿನಲ್ಲಿ, ಪಿವಿಸಿ ಕೊಳವೆಯಲ್ಲಿ, ಲ್ಯಾಬಿನ ದೂಳಿನಲ್ಲಿ, ನೀನು ಕೂರುವ ಕುರ್ಚಿಯಲ್ಲೂ ಇರುತ್ತದೆ. ನದಿಯನ್ನು ಅಳೆಯುತ್ತಿದ್ದೇನೆ ಅಂದುಕೊಂಡು ನಿನ್ನ ಲ್ಯಾಬನ್ನೇ ಅಳೆದಿರುತ್ತೀಯ. ಗಾಜಿನ ಬಾಟಲಿಯೇ ಬೇಕು, ಶುದ್ಧ ದ್ರಾವಕದಲ್ಲಿ ತೊಳೆದದ್ದು, ಮುಚ್ಚಳದ ಒಳಗೆ ಟೆಫ್ಲಾನ್ ಪದರ ಇರುವಂಥದ್ದು. ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ನದಿ ದಂಡೆಗೆ ಒಯ್ಯಿ, ಅಲ್ಲೇ ಮುಚ್ಚಳ ತೆರೆದು ಮತ್ತೆ ಮುಚ್ಚು, ವಾಪಸ್ ತಂದು ಉಳಿದ ಸ್ಯಾಂಪಲ್‌ಗಳ ಹಾಗೇ ಪರೀಕ್ಷೆ ಮಾಡು. ಈ ಬಾಟಲಿಗೇ ಬ್ಲಾಂಕ್ ಅನ್ನುವುದು. ಆ ಬ್ಲಾಂಕ್‌ನಲ್ಲಿ ಡಿಇಎಚ್‌ಪಿ ಬಂದೇ ಬರುತ್ತದೆ. ಬಂತಲ್ಲ ಅಂತ ಗಾಬರಿ ಬೇಡ, ಬಚ್ಚಿಡುವುದೂ ಬೇಡ. ನದಿಯ ಅಂಕೆ ಬ್ಲಾಂಕ್‌ನ ಅಂಕೆಗಿಂತ ಸ್ಪಷ್ಟವಾಗಿ ಮೇಲೆ ಇದ್ದರೆ ಮಾತ್ರ ಅದು ನದಿಯದು. ಪ್ರತಿ ಸಲ ಹೋದಾಗಲೂ ಬ್ಲಾಂಕ್ ಇರಲಿ. ಮೊದಲ ದಿನ ಮಾಡಿದ್ದು ಸಾಕು ಅನ್ನುವವರ ಮಾತು ಕೇಳಬೇಡ.

ಇನ್ನೊಂದು ಸಂಗತಿ. ನೀನು ಹುಡುಕುವ ಪಟ್ಟಿ ಎಲ್ಲಿಂದ ಬಂತು ಅಂತ ಯೋಚಿಸಿದ್ದೀಯಾ? 1977ರಲ್ಲಿ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು, ಮಕ್ಕಳ ರಾತ್ರಿ ಉಡುಪಿಗೆ ಹಾಕುತ್ತಿದ್ದ ಬ್ರೋಮಿನ್ ಇರುವ ಟ್ರಿಸ್ ಎಂಬ ಫ್ಲೇಮ್ ರಿಟಾರ್ಡೆಂಟ್ ಡಿಎನ್‌ಎ ಕೆಡಿಸುತ್ತದೆ ಅಂತ ಎಚ್ಚರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂತು. ಬದಲಿಗೆ ಬಂದದ್ದು ಕ್ಲೋರಿನ್ ಇರುವ ಟ್ರಿಸ್, ಅಂದರೆ ನಿನ್ನ ಪಟ್ಟಿಯಲ್ಲಿರುವ ಟಿಡಿಸಿಪಿಪಿ. ಅದರ ಮೇಲೂ ಅನುಮಾನ ಬಂದು ಉಡುಪಿನಿಂದ ಹೋಯಿತು, ಆದರೆ ಸೋಫಾದ ಫೋಮ್‌ನಲ್ಲಿ ಉಳಿಯಿತು. 2011ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪಿಬಿಡಿಇ ಎಂಬ, ಬ್ರೋಮಿನ್ ಇರುವ ಇನ್ನೊಂದು ಗುಂಪಿನ ಫ್ಲೇಮ್ ರಿಟಾರ್ಡೆಂಟ್‌ಗಳ ಕಥೆಯೂ ಇದೇ. ಬೇಗ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಪೆಂಟಾ, ಆಕ್ಟಾ ಎಂಬ ಮಿಶ್ರಣಗಳಲ್ಲಿದ್ದ ಪಿಬಿಡಿಇಗಳು 2009ರಲ್ಲಿ ಸೇರಿದವು, ಡೆಕಾ ಎಂಬುದು 2017ರಲ್ಲಿ ಸೇರಿತು. ಅವು ಖಾಲಿ ಮಾಡಿದ ಜಾಗಕ್ಕೆ ಟ್ರೈಫೀನೈಲ್ ಫಾಸ್ಫೇಟ್, ಟಿಸಿಪಿಪಿ ಥರದ ಫಾಸ್ಫೇಟ್‌ಗಳು ನುಗ್ಗಿದವು. ಒಂದನ್ನು ತೆಗೆದು ಅದರ ತಮ್ಮನನ್ನು ತಂದು ಕೂರಿಸುವ ಈ ಚಾಳಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಆದ್ದರಿಂದ ಉಪಕರಣದ ಗೆರೆಯಲ್ಲಿ ಯಾವ ವಸ್ತುವಿನದು ಅಂತ ಗುರುತು ಸಿಗದ ಶಿಖರ ಕಂಡರೆ ಅಳಿಸಬೇಡ, ದತ್ತಾಂಶ ಕಾದಿಡು. ನಾಳೆ ಯಾರಾದರೂ ಅದಕ್ಕೆ ಹೆಸರು ಕೊಟ್ಟಾರು.

ಜನ ನಿನ್ನನ್ನು ಕೇಳುವುದು ಒಂದೇ ಪ್ರಶ್ನೆ, "ನೀರು ಸೇಫಾ?" ಅಂತ. ಅವಸರದಲ್ಲಿ ಉತ್ತರ ಕೊಡಬೇಡ. ಡಿಇಎಚ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಲೀಟರಿಗೆ 8 ಮೈಕ್ರೋಗ್ರಾಂ ಅನ್ನುತ್ತದೆ. ಯೂರೋಪಿನ ಒಕ್ಕೂಟ ನದಿ, ಕೆರೆಗಳಿಗೆ ವಾರ್ಷಿಕ ಸರಾಸರಿ ಲೀಟರಿಗೆ 1.3 ಮೈಕ್ರೋಗ್ರಾಂ ಅನ್ನುತ್ತದೆ. ಮೊದಲನೆಯದು ನೀರು ಕುಡಿಯುವ ಮನುಷ್ಯನಿಗೆ ಇಟ್ಟ ಮಿತಿ, ಎರಡನೆಯದು ನದಿಯ ಮಿತಿ. ಮೀನಿಗೆ ನೀರಿನಿಂದ ಎದ್ದು ಹೋಗುವ ದಾರಿ ಇಲ್ಲ, ಅಲ್ವಾ? ನಿನ್ನ ಅಂಕೆಯನ್ನು ಯಾವ ಮಿತಿಯ ಪಕ್ಕ ಇಡುತ್ತಿದ್ದೀಯ ಅಂತ ಮೊದಲು ಹೇಳು, ಆಮೇಲೆ ಜಾಸ್ತಿ ಕಡಿಮೆ ಅನ್ನು. ಮೈಕ್ರೋ, ನ್ಯಾನೋ ಅದಲುಬದಲಾದರೆ ಸಾವಿರ ಪಟ್ಟು ವ್ಯತ್ಯಾಸ. ಸುದ್ದಿಯವರಿಗೆ ಹೇಳುವಾಗ ಬರೆದೇ ಕೊಡು.

ಕೊನೆಯದಾಗಿ ಮಳೆ. ಚರಂಡಿಯಿಂದ ದಿನವೂ ಒಂದೇ ಸಮ ಬರುವ ಟಿಸಿಪಿಪಿ, ಮಳೆ ಬಂದು ನೀರು ಏರಿದಾಗ ತೆಳುವಾಗುತ್ತದೆ. ರಸ್ತೆ, ತಾರಸಿ ತೊಳೆದು ಬರುವ ಸರಕು ಅದೇ ಹೊತ್ತಿಗೆ ಏರುತ್ತದೆ. ಮೂಲ ಯಾವುದು ಅಂತ ಬೇರ್ಪಡಿಸಲು ಇದಕ್ಕಿಂತ ಒಳ್ಳೆ ದಾರಿ ನಿನಗೆ ಸಿಗುವುದಿಲ್ಲ. ಆದರೆ ಲೀಟರಿಗೆ ಎಷ್ಟು ಅನ್ನುವುದರ ಜೊತೆ, ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತಿತ್ತು ಅನ್ನುವುದೂ ಬೇಕು. ನೀನು ಕಳಿಸಿದ ಯೋಜನೆಯಲ್ಲಿ ಹರಿವಿನ ಕಾಲಂ ಕಾಣಲಿಲ್ಲ. ಅಳೆಯುವ ಉಪಕರಣ ಇದೆಯಾ ಅಂತ ನಿನ್ನ ಗೈಡ್ ಹತ್ತಿರ ಕೇಳಿ ನನಗೆ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ