ಹಾವು ಕಡಿತ: ಆ 20 ನಿಮಿಷ ಯಾಕೆ ಬೇಕು?

ಮಾನ್ಯರೇ,

ಮಳೆ ಹಿಡಿಯಿತೆಂದರೆ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯ ಹೊಲತೋಟಗಳಿಂದ ಹಾವು ಕಡಿದವರನ್ನು ಸರಿರಾತ್ರಿಯಲ್ಲಿ ಕರೆತರುತ್ತಾರೆ. ಕ್ಯಾಶುಯಾಲ್ಟಿಯಲ್ಲಿ ಮೊದಲು ಕೈಹಾಕುವವರು ಹೌಸ್ ಸರ್ಜನ್‌ಗಳು, ಅಂದರೆ ಇಂಟರ್ನ್‌ಶಿಪ್ ಮಾಡುತ್ತಿರುವ ಹೊಸ ವೈದ್ಯರು. ಅವರು ರಕ್ತ ತೆಗೆದು ಕೊಳವೆಗೆ ಹಾಕಿ ಗಡಿಯಾರ ನೋಡುತ್ತಿದ್ದರೆ, ‘ಇಂಜೆಕ್ಷನ್ ಕೊಡದೆ ಕಾಯಿಸ್ತಾರೆ’ ಎಂದು ಜೊತೆಗೆ ಬಂದವರು ಜಗಳಕ್ಕೆ ನಿಲ್ಲುತ್ತಾರೆ. ಆ ಕಾಯುವಿಕೆಯೇ ಚಿಕಿತ್ಸೆಯ ಭಾಗ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆಹಚ್ಚಲು 2 ಮಿ.ಲೀ. ರಕ್ತವನ್ನು ಒಣಗಿದ, ಹೊಸ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಂದೇ ಸಲ ಓರೆ ಮಾಡಬೇಕು. ರಕ್ತ ನೀರಿನಂತೆ ಹರಿದರೆ ವಿಷವೇರಿದೆ. ಇಷ್ಟು ಸರಳ ಪರೀಕ್ಷೆಯೂ ಹಾಳಾಗುವುದು ಸಣ್ಣ ತಪ್ಪುಗಳಿಂದ. ಪ್ಲಾಸ್ಟಿಕ್ ಕೊಳವೆಯಲ್ಲಿ, ಇಲ್ಲವೇ ಸೋಪಿನ ಪುಡಿಯಲ್ಲಿ ತೊಳೆದ ಕೊಳವೆಯಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿಸುವ ಕೆಲಸ ಶುರುಮಾಡಿಕೊಡುವುದೇ ಗಾಜಿನ ಮೈ. ಹತ್ತು ನಿಮಿಷಕ್ಕೇ ಎತ್ತಿ ಅಲ್ಲಾಡಿಸಿ ನೋಡಿದರೂ ಫಲಿತಾಂಶ ಕೆಡುತ್ತದೆ. ಅನುಮಾನವಿದ್ದರೆ ಆರೋಗ್ಯವಂತರೊಬ್ಬರ ರಕ್ತವನ್ನು ಇನ್ನೊಂದು ಕೊಳವೆಯಲ್ಲಿಟ್ಟು ಹೋಲಿಸಬೇಕು. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವಂತಿಲ್ಲ: ಮೂರು ಗಂಟೆ ಕಾಲ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ, ಒಟ್ಟು 24 ಗಂಟೆಯವರೆಗೆ ಪರೀಕ್ಷೆ ಮಾಡುತ್ತಿರಬೇಕು.

ಹಾಗೆಂದು ಎಲ್ಲರಿಗೂ ಕಾಯುವುದಲ್ಲ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತಿದ್ದರೆ, ಅಥವಾ ರೆಪ್ಪೆ ಜೋತುಬಿದ್ದು ಮಾತು ತೊದಲುತ್ತಿದ್ದರೆ ತಕ್ಷಣ ಪ್ರತಿವಿಷ (ವಿಷ ಇಳಿಸುವ ಇಂಜೆಕ್ಷನ್) ಶುರುಮಾಡಬೇಕು. ಕಟ್ಟುಹಾವು ಕಡಿದರೆ ಊತವೂ ಇರದು, ನೋವೂ ಇರದು. ನೆಲದಲ್ಲಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಬಂದರೆ ರೆಪ್ಪೆ ನೋಡದೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಬಾರದು.

ಲಕ್ಷಣವಿಲ್ಲದೆ ಪ್ರತಿವಿಷ ಕೊಡದಿರುವುದಕ್ಕೂ ಕಾರಣವಿದೆ. ಅದು ಕುದುರೆಯ ರಕ್ತದಿಂದ ತಯಾರಾದದ್ದು, ಕೆಲವರಿಗೆ ಜೀವಕ್ಕೆ ಎರವಾಗುವಷ್ಟು ಅಲರ್ಜಿ ತರಬಲ್ಲದು. ಮೊದಲ ಡೋಸ್ 10 ವೈಯಲ್ (ಔಷಧದ ಪುಟ್ಟ ಸೀಸೆ), ಮಕ್ಕಳಿಗೂ ಅಷ್ಟೇ. ಹಾವು ಬಿಡುವ ವಿಷ ಮಗುವಿಗೆಂದು ಕಡಿಮೆಯಾಗುವುದಿಲ್ಲ. ಪ್ರತಿ ವೈಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆಯಾಗುತ್ತದೆ. ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಹರಿಸಬೇಕು. ಅಲರ್ಜಿಯಾದರೆ ತಡೆಯಲು, ದೊಡ್ಡವರಿಗಾದರೆ ತೊಡೆಗೆ ಕೊಡಲು 0.5 ಮಿ.ಗ್ರಾಂ ಅಡ್ರಿನಲಿನ್ ಮೊದಲೇ ಸಿರಿಂಜಿನಲ್ಲಿ ಸಿದ್ಧವಿರಲಿ. ಪ್ರತಿವಿಷ ಕೊಟ್ಟವರಿಗೆ ಮತ್ತೆ ರಕ್ತ ಪರೀಕ್ಷೆ ಆರು ಗಂಟೆ ಕಳೆದ ಮೇಲೆಯೇ, ಏಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಕ್ಯಾಶುಯಾಲ್ಟಿಗೆ ಸಿಗುವುದು ಎರಡೇ ವಾರ. ಆ ಎರಡು ವಾರ ಬೇಸಿಗೆಯಲ್ಲಿ ಬಿದ್ದವರು ಒಂದೂ ಹಾವು ಕಡಿತ ನೋಡದೆ ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ನೈಟ್ ಡ್ಯೂಟಿ ಮಾಡಬೇಕಾಗುತ್ತದೆ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತದ ವರದಿ ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು. ಇದರ ಜೊತೆಗೆ, ಇಂಟರ್ನ್‌ಶಿಪ್ ಶುರುವಾದ ಮೊದಲ ವಾರವೇ ಈ ಪರೀಕ್ಷೆಯನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಬೇಕು. ಪ್ರತಿ ಎಮರ್ಜೆನ್ಸಿ ಟ್ರೇಯಲ್ಲಿ ಹೊಸ ಗಾಜಿನ ಕೊಳವೆಗಳಿರಬೇಕು. ಔಷಧದ ಸ್ಟೋರ್ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆಂದು ಗೋಡೆಯ ಮೇಲೆ ಬರೆದಿರಬೇಕು.

ರೋಗಿಯ ಕಡೆಯವರು ಮಾಡಬಹುದಾದ ಸಹಾಯವೂ ಉಂಟು. ಕಡಿದದ್ದು ಎಷ್ಟು ಗಂಟೆಗೆಂದು ಸರಿಯಾಗಿ ಹೇಳಿ. ಹಗ್ಗ ಬಿಗಿದಿದ್ದರೆ ನೀವೇ ಕತ್ತರಿಸಬೇಡಿ, ಒಮ್ಮೆಲೇ ವಿಷ ಮೈಗೇರೀತು, ವೈದ್ಯರಿಗೆ ತೋರಿಸಿ.

– ಹಿರಿಯ ವೈದ್ಯರು, ಕೋಲಾರ